ಕೈ ಎತ್ತದವನ ಮಣ್ಣು

“ಕೆಳಗಿಡ್ರೋ!”

ಪಟಾಲಮ್ಮ ಕೂಗುವ ಹೊತ್ತಿಗೆ ಅವಳ ಗಂಡನ ಚಟ್ಟ ನಾಲ್ವರ ಹೆಗಲೇರಿ ಆಗಿತ್ತು. ತಮಟೆಯವರ ಕೈ ಗಾಳಿಯಲ್ಲೇ ನಿಂತಿತು. ಹೆಗಲು ಕೊಟ್ಟಿದ್ದ ನಾಲ್ವರೂ ಮಾಜಿ ಸಿಪಾಯಿಗಳು. ಬರ್ಮಾ ಯುದ್ಧದ ಪದಕಗಳನ್ನು ಎದೆಗೆ ಚುಚ್ಚಿಕೊಂಡು ದೊಮ್ಮಲೂರಿನ ಕೇರಿಗೆ ಬಂದಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎತ್ತಿದ ಹೆಣಾನ ಬಾಗ್ಲಲ್ಲಿ ಇಳಿಸ್ಬಾರ್ದು ಕಣಮ್ಮಿ,” ಎಂದ ಕೇರಿಯ ಹಿರಿಯ ದೊಡ್ಡಮುನಿಯಪ್ಪ. “ಮನೇಗೆ ಒಳ್ಳೇದಾಗಲ್ಲ.”

“ನನ್ ಮನೇಗೆ ಇನ್ನೇನು ಕೆಟ್ಟದ್ದಾಗ್ಬೇಕು ಮಾವ? ಇಳಿಸ್ರಿ ಅನ್ನು. ಆವಯ್ಯ ಈಗ ಓದಿದ್ದನ್ನ ಇನ್ನೊಂದು ದಪ ಓದ್ಲಿ. ನನ್ ಗಂಡನ ಮುಖ ನೋಡ್ಕೊಂಡು ಓದ್ಲಿ.”

ಆವಯ್ಯ ಎಂದರೆ ಅಂಜನಮೂರ್ತಿ, ಮಾಜಿ ಸೈನಿಕರ ಸಂಘದ ಗುಮಾಸ್ತ. ಅವನ ಪಕ್ಕದಲ್ಲಿ ಮೀಸೆ ತಿರುವಿ ನಿಂತಿದ್ದವನು ಸಂಘದ ಅಧ್ಯಕ್ಷ, ರಿಟೈರಾದ ಸುಬೇದಾರ ಶ್ರೀರಾಮಪ್ಪ. ಮುನ್ಸಿಪಾಲಿಟಿ ಎಲೆಕ್ಷನ್ನಿಗೆ ನಿಲ್ಲಲು ಹೊರಟವನು. ಸಾವಿರದ ಒಂಬೈನೂರ ನಲವತ್ತೆಂಟರ ಡಿಸೆಂಬರ್ ಅದು. ಕಾಶ್ಮೀರದ ಯುದ್ಧ ಎರಡನೇ ಚಳಿಗಾಲಕ್ಕೆ ಬಿದ್ದಿತ್ತು.

ಚಟ್ಟ ಇಳಿಯಿತು. ಅಂಜನಮೂರ್ತಿ ಗಂಟಲು ಸರಿಮಾಡಿಕೊಂಡ. “ಯುದ್ಧ ನಿಲ್ಲಿಸಬೇಕೆಂದು ನಾನು ಆಡಿದ್ದು ಹೇಡಿಯ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಸಂಘದ ಕ್ಷಮೆ ಕೇಳುತ್ತೇನೆ. ಇಂತಿ, ಮುನಿಆಂಜನಪ್ಪ.”

“ಸಾಯೋ ಎರಡು ದಿನ ಮುಂಚೆ ಆಸ್ಪತ್ರೇಲಿ ತಾನೇ ಕೈಯಾರೆ ಬರ್ದು ಕೊಟ್ಟಿದ್ದಮ್ಮ,” ಎಂದ ಸುಬೇದಾರ. “ಅದಕ್ಕೇ ಸಂಘ ಅವನನ್ನ ಮತ್ತೆ ಸೇರಿಸ್ಕೊಂಡಿದ್ದು. ಕಹಳೆ ಊದಿಸ್ತೀವಿ, ಮರ್ಯಾದೆಯಾಗಿ ಕಳಿಸ್ಕೊಡ್ತೀವಿ. ನೀನೂ ಸಾಕ್ಷಿಗೆ ಇದರ ಮೇಲೊಂದು ಹೆಬ್ಬೆಟ್ಟು ಒತ್ತಿಬಿಡು.”

ಪಟಾಲಮ್ಮ ಗಂಡನ ಮುಖ ನೋಡಿದಳು. ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಅವನ ಬಾಯನ್ನು ಬಿಗಿಯಾಗಿ ಮುಚ್ಚಿತ್ತು. ಬದುಕಿದ್ದಾಗ ಯಾರ ಕೈಯಲ್ಲೂ ಆಗದ ಕೆಲಸ ಅದು.

*

ಆ ಮಾತು ಹುಟ್ಟಿದ್ದು ಐದು ತಿಂಗಳ ಹಿಂದೆ, ಹಲಸೂರಿನ ಸಂಘದ ಅಂಗಳದಲ್ಲಿ. ಕಾಶ್ಮೀರದ ಕೊನೆಯ ಗುಡ್ಡ ಕೈಗೆ ಬರುವವರೆಗೂ ಯುದ್ಧ ನಿಲ್ಲಕೂಡದು ಎಂದು ಶ್ರೀರಾಮಪ್ಪ ಠರಾವು ಓದಿ, ಒಪ್ಪುವವರು ಕೈ ಎತ್ತಿ ಎಂದ. ಅರವತ್ತು ಕೈ ಎದ್ದವು. ಮೋಟುಗೋಡೆಯಾಚೆ ಹೆಂಗಸರ ಜೊತೆ ನಿಂತಿದ್ದ ಪಟಾಲಮ್ಮನಿಗೆ ತನ್ನ ಗಂಡನ ಎರಡೂ ಕೈ ತೊಡೆಯ ಮೇಲೇ ಇರುವುದು ಕಂಡಿತು.

“ಏನೋ ಮುನಿಆಂಜನಪ್ಪ, ಕೈ ಸೆಟ್ಕೊಂಡೈತಾ?” ಎಂದು ಯಾರೋ ಕೇಳಿದರು. ನಗೆ ಎದ್ದಿತು.

ಅವನು ನಿಧಾನವಾಗಿ ಎದ್ದ. “ಕೈ ಚೆಂದಾಗೇ ಐತೆ ಕಣಣ್ಣ. ಬರ್ಮಾದಾಗೆ ಇದೇ ಕೈಲಿ ಮಣ್ಣು ಕೆದಕಿ, ಹೂತಿಟ್ಟಿದ್ದ ಬಾಂಬು ತೆಗ್ದಿವ್ನಿ. ದಾರಿ ಮಾಡಾಕೆ ಮುಂದೆ ನಾವು, ಮೆರವಣಿಗೇಲಿ ಹಿಂದೆ ನಾವು. ಇರ್ಲಿ ಬುಡಿ. ಆದ್ರೆ ಸುಬೇದಾರ್ರೇ, ಪಟಾಲಂ ಕಾದಾಡಿ ಹೋದ ಮ್ಯಾಲೆ ಆ ನೆಲ ಯಾರಿಗೂ ಆಗಾಕಿಲ್ಲ. ಮೇಯಾಕೆ ಹೋದ ಎಮ್ಮೆ ಸಾಯ್ತದೆ, ಸೌದೆಗೋದ ಹೆಂಗ್ಸು ಸಾಯ್ತಾಳೆ. ಗೆದ್ದೋರು ಯಾರಾದ್ರೂ ಅವಳು ಸಾಯ್ತಾಳೆ. ನಿಲ್ಸಿ, ಕೂತು ಮಾತಾಡ್ಲಿ. ಇಲ್ಲಿ ಕೈ ಎತ್ತಿದೋರಲ್ಲಿ ರಾಮಾಂಜಿನಪ್ಪ ಒಬ್ಬ ಮಗನ್ನ ಕಳ್ಸವ್ನೆ. ಮಿಕ್ಕೋರು ಕಳ್ಸಿರೋದು ಬರೀ ಕೈಯಿ.”

“ಹೇಡಿ! ಎಳೆದು ಹಾಕ್ರೋ ಆಚೆಗೆ!”

ಸಂಘದ ಪಟ್ಟಿಯಿಂದ ಹೆಸರು ಹೊಡೆದರು. ಬರ್ಮಾದಲ್ಲಿ ಓಡಿಹೋದವನು ಇವನೇ ಎಂದು ಅಚ್ಚು ಹಾಕಿಸಿ ಹಲಸೂರಿನ ಗೋಡೆಗಳಿಗೆ ಅಂಟಿಸಿದರು.

ಆ ಸಂಜೆ ಅಸ್ಗರ್ ಬಂದ. ಬರ್ಮಾದಲ್ಲಿ ಹೇಸರಗತ್ತೆಗಳ ಪಟಾಲಂನಲ್ಲಿದ್ದು, ಕಾಲಿಗೆ ಗುಂಡು ತಿಂದು ಮೊದಲೇ ಊರು ಸೇರಿದ್ದವನು. ಈಗ ಜಟಕಾ ಓಡಿಸುತ್ತಿದ್ದ. ಸಭೆಗೆ ಅವನು ಹೋಗಿರಲಿಲ್ಲ.

“ನಾನು ಆ ಮಾತು ಅಂದಿದ್ರೆ ಪಾಕಿಸ್ತಾನಕ್ಕೆ ನಡಿ ಅಂತಿದ್ರು ಭಾಬಿ,” ಎಂದ ತಲೆ ತಗ್ಗಿಸಿ. “ಇವನಿಗೆ ಹೇಡಿ ಅಂದ್ರು, ಅಷ್ಟಕ್ಕೇ ಬಿಟ್ರು.”

ಮುನಿಆಂಜನಪ್ಪ ನಕ್ಕುಬಿಟ್ಟ. “ಅದಕ್ಕೇ ನಿಂದೂ ಸೇರ್ಸಿ ನಾನೇ ಅಂದ್ಬುಟ್ಟೆ. ನಡಿಯಲಾ, ಟೀ ಕುಡ್ಸು.”

*

“ಕೊಡಿ ಇಲ್ಲಿ ಆ ಕಾಗ್ದಾನ,” ಎಂದಳು ಪಟಾಲಮ್ಮ.

“ನಿನಗೆ ಓದೋಕೆ ಬರುತ್ತೇನಮ್ಮ?” ಅಂಜನಮೂರ್ತಿ ಮುಗುಳ್ನಕ್ಕ.

“ಬರಾಕಿಲ್ಲ. ನೋಡಾಕೆ ಬರ್ತದೆ.”

ಗಂಡ ಬರ್ಮಾದಲ್ಲಿದ್ದ ಮೂರು ವರ್ಷ ಅವಳು ಅವನನ್ನು ನೋಡಿದ್ದು ಕಾಗದಗಳಲ್ಲೇ. ದಂಡಿನ ಸ್ಕೂಲಿನಲ್ಲಿ ಸಿಪಾಯಿಗಳಿಗೆ ಕಲಿಸುತ್ತಿದ್ದುದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಿಂದೂಸ್ತಾನಿ. ಅವನು ಅದೇ ಅಕ್ಷರಗಳಲ್ಲಿ ಮನೆಯ ಕನ್ನಡವನ್ನು ಬರೆದು ಕಳಿಸುತ್ತಿದ್ದ. ಕೇರಿಯಲ್ಲಿ ಯಾರಿಗೂ ಅದು ಓದಲು ಬರುತ್ತಿರಲಿಲ್ಲ. ಅಸ್ಗರನೇ ಜಟಕಾ ನಿಲ್ಲಿಸಿ ಓದಿ ಹೇಳಬೇಕು. ಓದಿಸಿಕೊಂಡ ಮೇಲೆ ಅವಳು ಒಂದೊಂದು ಸಾಲಿನ ಮೇಲೂ ಬೆರಳಾಡಿಸುತ್ತಿದ್ದಳು. ಬೇಲಿಯ ಗೂಟ ನೆಟ್ಟ ಹಾಗೆ, ಕುಡುಗೋಲು ನೇತುಹಾಕಿದ ಹಾಗೆ ಗಂಡನ ಅಕ್ಷರ. ಊರಿಗೆ ಬಂದ ಮೇಲೂ ಅವನು ಕನ್ನಡ ಅಕ್ಷರ ಕಲಿಯಲಿಲ್ಲ. ಅಂಗಡಿಯ ಬೋರ್ಡು ಕಂಡಾಗಲೆಲ್ಲ, “ನಾನಾಡೋ ಮಾತು ನನಗೇ ಓದಾಕೆ ಬರಾಕಿಲ್ಲ ನೋಡೇ,” ಎನ್ನುತ್ತಿದ್ದ.

ಈ ಕಾಗದದ ಮೇಲಿದ್ದವು ತಟ್ಟೆಯಲ್ಲಿ ಕಡುಬು ಜೋಡಿಸಿದಂತೆ ದುಂಡದುಂಡಗೆ ಇದ್ದವು.

“ಅಸ್ಗರಣ್ಣ, ಇದ್ಯಾವ ಅಕ್ಸರ?”

ಜನರ ನಡುವಿನಿಂದ ಅಸ್ಗರ್ ಕುಂಟುತ್ತ ಬಂದು ಬಗ್ಗಿ ನೋಡಿದ. “ಕನ್ನಡ, ಭಾಬಿ. ಸಹಿಯೂ ಕನ್ನಡವೇ.”

ಹೆಗಲು ಕೊಟ್ಟಿದ್ದ ನಾಲ್ವರೂ ನೆಲ ನೋಡಿದರು. ಅವರೂ ಅದೇ ಸ್ಕೂಲಿನಲ್ಲಿ ಕೂತವರು. ಸಂಘಕ್ಕೆ ಹೊಸಬನಾದ ಅಂಜನಮೂರ್ತಿಗೆ ಮಾತ್ರ ತಪ್ಪಿದ್ದೆಲ್ಲಿ ಎಂದು ತಿಳಿಯಲಿಲ್ಲ. ಕನ್ನಡ ಆಡುವವನು ಕನ್ನಡವನ್ನೇ ಬರೆಯುತ್ತಾನೆಂದು ನಂಬಿದ್ದವನು ಅವನು. ಸುಬೇದಾರ ಅವನನ್ನು ಸುಡುವಂತೆ ನೋಡಿದ.

“ಸುಬೇದಾರ್ರೇ, ಸಾಯೋ ಎರಡು ದಿನ ಮುಂಚೆ ನನ್ ಗಂಡ ಕನ್ನಡ ಕಲ್ತ್ಬುಟ್ನಾ? ಯಾವ ಮೇಷ್ಟ್ರು ಸ್ವಾಮಿ ಬಂದು ಕಲ್ಸಿದ್ದು?”

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

“ಅವನು ಹೇಳಿದ, ನಮ್ಮೋನು ಬರ್ಕೊಂಡ.”

“ಕೈಯಾರೆ ಬರ್ದ ಅಂದ್ರಲ್ಲ ಈಗ್ತಾನೆ?”

“ಜಾಸ್ತಿ ಮಾತಾಡ್ಬೇಡ. ಈ ಕಾಗದ ಬೇಡಾಂದ್ರೆ ಸಂಘದ ಹೆಗಲೂ ಇಲ್ಲ, ಕಹಳೇನೂ ಇಲ್ಲ. ಹೇಡಿ ಅನ್ನಿಸ್ಕೊಂಡೇ ಹೋಗ್ಲಿ.”

“ಹೋಗ್ಲಿ ಬುಡಿ. ಅವನ ಮಾತು ಅವನ ಜೊತೇಗೇ ಹೋಗ್ತದೆ. ಕಲ್ಲು ಹೊತ್ತ ಹೆಗಲು ಈ ಕೇರೀಲಿ ಬೇಕಾದಷ್ಟವೆ.”

ತಮಟೆ ಕಾಯಿಸಲು ಹಚ್ಚಿದ್ದ ಹುಲ್ಲಿನ ಬೆಂಕಿ ಆರುತ್ತಿತ್ತು. ಪಟಾಲಮ್ಮ ಕಾಗದವನ್ನು ಮುದುರಿ ಅದಕ್ಕೆ ಹಾಕಿದಳು. “ಕಾಯ್ಸ್ಕೊಳ್ರಪ್ಪ. ತಮಟೆ ಸಡ್ಲಾಗವೆ.”

ಸುಬೇದಾರನ ಕಣ್ಸನ್ನೆಗೆ ನಾಲ್ವರೂ ಹಿಂದೆ ಸರಿದರು. ಮುಂದಿನ ಬಿದಿರಿಗೆ ಅಸ್ಗರ್ ಹೆಗಲು ಕೊಟ್ಟ. ಉಳಿದ ಮೂರು ಕಡೆಗೆ ಮುನಿಆಂಜನಪ್ಪನ ಜೊತೆ ಕಟ್ಟಡಗಳಲ್ಲಿ ಕಲ್ಲು ಹೊರುತ್ತಿದ್ದವರು ಬಂದರು. ಅಸ್ಗರನ ಕುಂಟುಗಾಲಿಗೆ ಚಟ್ಟ ದಾರಿಯುದ್ದಕ್ಕೂ ದೋಣಿಯಂತೆ ಹೊಯ್ದಾಡಿತು.

*

ಸಂಘದವರೂ ಹಿಂದೆಯೇ ಬಂದರು. ಬಾರದೆ ವಿಧಿಯಿರಲಿಲ್ಲ, ಮಣ್ಣಿಗೆ ಬಾರದವನಿಗೆ ಕೇರಿಯಲ್ಲಿ ಓಟು ಹುಟ್ಟುವುದಿಲ್ಲವೆಂದು ಶ್ರೀರಾಮಪ್ಪನಿಗೆ ಗೊತ್ತಿತ್ತು.

ಕೆರೆಯಂಚಿನ ಮಸಣದಲ್ಲಿ ಹೆಣ ಗುಂಡಿಗಿಳಿಯಿತು. ದೊಡ್ಡಮುನಿಯಪ್ಪ ಕೇರಿಯ ಪದ್ಧತಿಯಂತೆ ಕೂಗಿದ: “ಇವನ ತಾವ ಮಾತು ಉಳಿಸ್ಕೊಂಡೋರು ಆಡಿ ಮಣ್ಣಾಕ್ರಪ್ಪೋ. ಆಡ್ದೆ ಹಾಕಿದ ಮಣ್ಣು ಅವನ ಎದೆ ಮ್ಯಾಲೆ ಕಲ್ಲಾಗ್ತದೆ.”

“ನನ್ ಹುಂಜಾನ ನೀನೇ ತಿಂದಿದ್ದೆ ಕಣೋ, ನಂಗೊತ್ತಿತ್ತು,” ಎಂದು ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಅಳುತ್ತ ಮಣ್ಣು ಹಾಕಿದಳು. ಅಳುತ್ತಿದ್ದವರೂ ನಕ್ಕರು.

ಅಸ್ಗರ್ ಬಂದ. ಸುಬೇದಾರನಿಗೆ ಕೇಳುವಂತೆ ದನಿ ಎತ್ತಿ ಹೇಳಿದ: “ಆಂಜನಾ, ನೀನು ಅವತ್ತು ಅಂದಿದ್ದು ನನ್ನ ಮಾತೂ ಹೌದು. ಹೆದರಿ ಬಾಯಿ ಮುಚ್ಕೊಂಡಿದ್ದೆ. ಯುದ್ಧ ನಿಲ್ಲಬೇಕು. ಇಲ್ಲೇ ಹುಟ್ಟಿದೋನು ಹೇಳ್ತಿದ್ದೀನಿ, ಇಲ್ಲೇ ಮಣ್ಣಾಗ್ತೀನಿ.”

ಪಟಾಲಮ್ಮ ಅವನ ಪಕ್ಕಕ್ಕೆ ಹೋಗಿ ನಿಂತಳು.

ಆಗ ಪದಕದವರ ಸಾಲಿನಿಂದ ರಾಮಾಂಜಿನಪ್ಪ ಹೊರಬಂದ.

“ರಾಮಾಂಜಿನಪ್ಪ!” ಎಂದು ಸುಬೇದಾರ ಗದರಿದ. ಅವನು ತಿರುಗಲಿಲ್ಲ.

“ನನ್ ಮಗ ಆ ಹಿಮದಾಗವ್ನೆ ಮುನಿಆಂಜನಪ್ಪ. ನಿಲ್ಸಿ ಅಂದಾಗ ಹೊಟ್ಟೆ ಉರೀತು. ನೀನಂದಿದ್ದು ಈಗ್ಲೂ ಒಪ್ಪಾಕಿಲ್ಲ ನಾನು. ಆದ್ರೆ ನೀನು ಓಡೋದೋನಲ್ಲ. ನಮ್ ಪಟಾಲಂ ದಾಟೋವರ್ಗೂ ಬಾಂಬು ಕೆದಕ್ತಾ ನೆಲದ ಮ್ಯಾಲೆ ಬೋರಲು ಬಿದ್ದಿದ್ದೋನು ನೀನು. ಅದನ್ನ ನೋಡಿದ್ದೋನು ಗೋಡೆಗೆ ಅಂಟಿಸಿದ್ದ ಸುಳ್ಳನ್ನ ಕಂಡೂ ಸುಮ್ಕಿದ್ದೆ.”

ಅವನು ಮೂರು ಸಲ ಮಣ್ಣು ಹಾಕಿದ. ಪಟಾಲಮ್ಮ ಅವನಿಗೆ ಕೈ ಮುಗಿದಳು.

ಸುಬೇದಾರನ ಸರದಿ ಬಂತು. ಅವನು ಬಗ್ಗಿ ಮುಷ್ಟಿ ತುಂಬ ಮಣ್ಣು ಎತ್ತಿಕೊಂಡು ಬೇಗ ಕೈ ಚಾಚಿದ.

“ಆಡಿ ಹಾಕಿ ಸ್ವಾಮಿ,” ಎಂದಳು ಪಟಾಲಮ್ಮ, ಗುಂಡಿಯ ಆಚೆ ದಡದಿಂದ.

ಅವನು ದೊಡ್ಡಮುನಿಯಪ್ಪನ ಕಡೆ ನೋಡಿದ. ಮುದುಕ ಕೆರೆಯ ಕಡೆ ನೋಡುತ್ತಿದ್ದ. ಹಿಂದೆ ಕೇರಿಯ ಜನ ಸಾಲಾಗಿ, ತಮ್ಮ ತಮ್ಮ ಮಣ್ಣು ಹಿಡಿದು ಕಾಯುತ್ತಿದ್ದರು. ಸುಬೇದಾರನ ಮೀಸೆಯ ಕೆಳಗೆ ತುಟಿ ಒಮ್ಮೆ ಅಲುಗಿ ನಿಂತಿತು. ಚಾಚಿದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಂಡ. ಬೆರಳಸಂದಿಯಿಂದ ಒಣಮಣ್ಣು ಸಣ್ಣಗೆ ಜಾರಿ, ಗುಂಡಿಗೆ ಬೀಳದೆ, ಮಿರಮಿರ ಮಿಂಚುವ ಅವನ ಬೂಟುಗಳ ಮೇಲೆ ಸುರಿಯುತ್ತಿತ್ತು.