ಚಿಲ್ಲರೆ ಮತ್ತು ರದ್ದಿ

ಪುಸ್ತಕ ಕಟ್ಟುವ ಬೈಂಡರನನ್ನು "ರದ್ದಿ" ಎಂದು ಕರೆಯುವವನು ಈ ಲೋಕದಲ್ಲಿ ಒಬ್ಬನೇ ಇದ್ದ. ಅವನು ತೀರಿಕೊಂಡು ಹದಿನೇಳು ದಿನವಾಗಿತ್ತು. ಅಂದರೆ ಹದಿನೇಳು ದಿನದಿಂದ ಬೈಂಡರನನ್ನು ಯಾರೂ ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಹರಿದ ರಿಜಿಸ್ಟರುಗಳನ್ನು ಹೊತ್ತು ತರುವ ಕಚೇರಿಯ ಜವಾನ "ರೀ" ಅನ್ನುತ್ತಿದ್ದ, ಹಾಲಿನವಳು "ಯಜಮಾನ್ರೇ" ಅನ್ನುತ್ತಿದ್ದಳು. ಅವು ಹೆಸರಲ್ಲ, ಬಾಗಿಲು ತಟ್ಟುವ ಬೇರೆ ಬೇರೆ ಬಗೆ.

ತೀರಿಕೊಂಡವನು ವಾಚು ರಿಪೇರಿಯವನು. ಅವನಿಗೆ ಬೈಂಡರ್ ಇಟ್ಟ ಹೆಸರು "ಚಿಲ್ಲರೆ". ಅವನು ಹಳೇ ನಾಣ್ಯ ಕೂಡಿಡುತ್ತಿದ್ದ, ಇವನು ಹಳೇ ನೋಟು. ಯಾವುದು ಮೇಲು ಎಂಬ ಒಂದೇ ವಿಷಯಕ್ಕೆ ಇಬ್ಬರೂ ನಲವತ್ತು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ವಾಚಂಗಡಿಯ ಗಾಜಿನ ಕೌಂಟರಿಗೆ ಆಚೆಗೊಬ್ಬ ಈಚೆಗೊಬ್ಬ ಕೂತು ಜಗಳವಾಡಿದ್ದರು. ಗಂಡಹೆಂಡಿರು ಕೂಡ ಇಷ್ಟು ನಿಷ್ಠೆಯಿಂದ ಜಗಳವಾಡಿದ್ದನ್ನು ಆ ಬೀದಿ ಕಂಡಿರಲಿಲ್ಲ.

"ಲೋ ರದ್ದಿ, ನಿನ್ನ ನೋಟು ನೀರಿಗೆ ಬಿದ್ರೂ ಗೋವಿಂದ, ಬೆಂಕಿಗೆ ಬಿದ್ರೂ ಗೋವಿಂದ. ಇಲಿ, ಗೆದ್ದಲು, ಹೆಂಡತಿ, ಯಾರು ಬೇಕಾದ್ರೂ ಮುಗಿಸಬಹುದು."

"ನಂಗೆ ಹೆಂಡತಿ ಇಲ್ವಲ್ಲ."

"ಅದಕ್ಕೇ ಇನ್ನೂ ಉಳಿದಿವೆ."

"ನಿನ್ನ ನಾಣ್ಯದಲ್ಲೇನಿದೆಯೋ? ಯಾವನೋ ರಾಜನ ತಲೆ. ಅವನೂ ನಿನ್ನ ಕಡೆ ತಿರುಗಿ ನೋಡಲ್ಲ, ಪಕ್ಕಕ್ಕೆ ಮುಖ ಮಾಡ್ಕೊಂಡು ಕೂತಿರ್ತಾನೆ."

ಮಾತಿನಲ್ಲಿ ಸೋಲುವ ಹಾಗೆ ಕಂಡರೆ ಚಿಲ್ಲರೆ ಒಂದು ನಾಣ್ಯವನ್ನು ಗಾಜಿನ ಮೇಲೆ ಬೀಳಿಸುತ್ತಿದ್ದ. ಟಣ್! "ಕೇಳಿಸ್ತಾ? ಎಲ್ಲಿ, ನಿನ್ನ ನೋಟು ಬೀಳಿಸು ನೋಡೋಣ."

ಬೈಂಡರನ ಸಂಗ್ರಹವಾದರೂ ನಾಲ್ಕು ಜನ ಮೆಚ್ಚುವಂಥದ್ದಲ್ಲ. ನೋಟು ಕೂಡಿಡುವ ಉಳಿದವರು ಮಡಿಕೆ ಬೀಳದ ಗರಿಗರಿ ನೋಟಿಗೆ ಪ್ರಾಣ ಬಿಡುತ್ತಿದ್ದರೆ, ಇವನು ಯಾರೋ ಏನೋ ಗೀಚಿದ ನೋಟುಗಳನ್ನೇ ಹುಡುಕಿ ತರುತ್ತಿದ್ದ. ಒಂದರ ಮೇಲೆ "ಅಮ್ಮನ ಕೊನೇ ಸಂಬಳ, ಖರ್ಚು ಮಾಡಬಾರದು" ಎಂದಿತ್ತು. ಖರ್ಚಾಗಿದ್ದರಿಂದಲೇ ಅದು ಇವನ ಕೈಗೆ ಬಂದಿತ್ತು. ಇನ್ನೊಂದರ ಮೇಲೆ "ಇದನ್ನು ಓದಿದವನು ಕತ್ತೆ" ಎಂದಿತ್ತು. ಅದನ್ನು ಚಿಲ್ಲರೆ ಪ್ರತಿ ಸಲವೂ ಇವನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದ.

ಚಿಲ್ಲರೆ ತನ್ನ ನಾಣ್ಯಗಳನ್ನು ರಿಪೇರಿಗೆ ಬಂದ ವಾಚು ಹಾಕಿಡುವ ಚಿಕ್ಕ ಕಂದು ಲಕೋಟೆಗಳಲ್ಲಿ, ಒಂದಕ್ಕೊಂದರಂತೆ, ಇಡುತ್ತಿದ್ದ. ಲಕೋಟೆಯ ಮೇಲೆ ಮೂರು ಸಾಲು ಅಚ್ಚಾಗಿರುತ್ತಿತ್ತು: ಗಿರಾಕಿ, ದೋಷ, ಕೊಡುವ ದಿನ. ಅವುಗಳ ಮುಂದೆ ಅವನು ಅಂಗೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸದವನ ಹಾಗೆ, ಏನೋ ಬರೆಯುತ್ತಿದ್ದ. ಕೇಳಿದರೆ, "ಓದೋ ಚಟ ಇದ್ರೆ ಪೇಪರ್ ಓದು" ಅನ್ನುತ್ತಿದ್ದ.

ಹನ್ನೆರಡು ವರ್ಷದ ಹಿಂದೆ ಬೈಂಡರ್ ಒಂದು ಹಳೇ ಪುಸ್ತಕದ ಬೆನ್ನು ಬಿಚ್ಚುವಾಗ ಅಂಟಿನೊಳಗಿಂದ ನಾಣ್ಯವೊಂದು ಉದುರಿತು. ಎರಡೂ ಕಡೆ ಸವೆದು ಬೋಳಾಗಿತ್ತು. ಅದನ್ನು ಚಿಲ್ಲರೆಗೆ ಕೊಟ್ಟ. ನಲವತ್ತು ವರ್ಷದಲ್ಲಿ ಕೊಟ್ಟದ್ದು ಅದೊಂದೇ. ಚಿಲ್ಲರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ, ಗಾಜಿನ ಮೇಲೆ ಬೀಳಿಸಿದ. ಟಪ್ ಅಂದಿತು.

"ಒಳಗೆ ಬಿರುಕಿದೆ ಕಣೋ. ಮುಖ ಇಲ್ಲ, ಮೂಗಿಲ್ಲ, ಸದ್ದೂ ಇಲ್ಲ. ಥೇಟ್ ನಿನ್ನ ಹಾಗೇ." ಹಾಗಂದು ಡ್ರಾಯರಿಗೆ ಎಸೆದ.

ಬೈಂಡರ್ ನಕ್ಕ. ಮನೆಗೆ ಹೋಗುವ ದಾರಿಯಲ್ಲಿ ನಗಲಿಲ್ಲ. ಆಮೇಲೆ ಆ ನಾಣ್ಯ ಏನಾಯಿತೆಂದು ಇವನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ. ಈ ಹದಿನೇಳು ದಿನದಲ್ಲಿ ರಟ್ಟಿಗೆ ಅಂಟು ಸವರುತ್ತ ಬೈಂಡರ್ ಯೋಚಿಸಿದ್ದು ಅದೊಂದನ್ನೇ: ಚಿಲ್ಲರೆಗೆ ಬೇಕಾಗಿದ್ದದ್ದು ಜಗಳಕ್ಕೆ ಒಂದು ಬಾಯಿಯೋ, ಅಥವಾ ತಾನೋ?

ಹದಿನೆಂಟನೆಯ ದಿನ ಚಿಲ್ಲರೆಯ ಸೊಸೆ ಹೇಳಿಕಳಿಸಿದಳು. ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಡುವುದಾಗಿ ಮಾತಾಗಿತ್ತು. ಗೋಡೆಯ ಗಡಿಯಾರಗಳನ್ನೆಲ್ಲ ಇಳಿಸಿದ್ದರು; ಅವು ಇದ್ದ ಕಡೆ ದುಂಡನೆಯ ಬಿಳಿ ಕಲೆಗಳು ಮಾತ್ರ ಉಳಿದಿದ್ದವು. ಸೊಸೆ ತಗಡಿನ ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದಳು.

ಬೈಂಡರನ ಕಣ್ಣು ಕುಕ್ಕಿತು. ನಾಣ್ಯಗಳೆಲ್ಲ ಆಗತಾನೆ ಹುಟ್ಟಿದಂತೆ ಫಳಫಳ ಹೊಳೆಯುತ್ತಿದ್ದವು.

"ಕರ್ರಗೆ ಆಗಿದ್ವು ಅಂಕಲ್, ಹಾಗೇ ಕೊಡೋಕೆ ನಾಚಿಕೆ ಆಯ್ತು. ಎರಡು ದಿನ ಪಾಲಿಶ್ ಹಾಕಿ ಉಜ್ಜಿದೀನಿ, ಕೈ ನೋಡಿ." ಬೆರಳ ತುದಿಗಳು ನಿಜವಾಗಿಯೂ ಕಪ್ಪಾಗಿದ್ದವು.

ಹಳೇ ನಾಣ್ಯವನ್ನು ಉಜ್ಜಬಾರದು. ನೂರಾರು ವರ್ಷದ ಆ ಕಪ್ಪೇ ಅದರ ಬೆಲೆ, ಅದು ಹೋದರೆ ಉಳಿಯುವುದು ಲೋಹದ ಚೂರು. ಚಿಲ್ಲರೆ ನಾಣ್ಯ ಹಿಡಿಯುವ ಮುಂಚೆ ತನ್ನ ಕೈಯ ಬೆವರು ಒರೆಸಿಕೊಳ್ಳುತ್ತಿದ್ದ. ಬೈಂಡರನಿಗೆ ಇದೆಲ್ಲ ಬಾಯಿಗೆ ಬಂತು. ಆ ಬೆರಳುಗಳನ್ನು ನೋಡಿ ನುಂಗಿಕೊಂಡ.

"ಚೆನ್ನಾಗಿ ಹೊಳೀತಿವೆಯಮ್ಮಾ. ಲಕೋಟೆಗಳಿದ್ವಲ್ಲ, ಅವು?"

"ಅಯ್ಯೋ, ಅದೊಂದು ಕಥೆ. ಮಾವ ಆಸ್ಪತ್ರೆಯಲ್ಲಿ, 'ಪೆಟ್ಟಿಗೇಲಿರೋದೆಲ್ಲ ರದ್ದಿಗೆ ಕೊಡು' ಅಂದ್ರು. ಎರಡು ಸಲ ಅಂದ್ರು. ನಾಣ್ಯ ಯಾರಾದ್ರೂ ರದ್ದಿಗೆ ಹಾಕ್ತಾರಾ ಅಂಕಲ್? ಜ್ವರದಲ್ಲಿ ಏನೋ ಬಡಬಡಿಸ್ತಿದಾರೆ ಅಂದ್ಕೊಂಡೆ. ಆದ್ರೂ ಹೋದವರ ಮಾತು ನೋಡಿ. ಕಾಗದ ಎಲ್ಲ ನಿನ್ನೆ ರದ್ದಿಗೆ ಹಾಕಿದೆ, ನಾಣ್ಯ ನಿಮಗಿರಲಿ ಅಂತ ಕರೆದೆ."

ಹದಿನೆಂಟು ದಿನದ ಮೇಲೆ ತನ್ನ ಹೆಸರು ಕಿವಿಗೆ ಬಿದ್ದು ಬೈಂಡರ್ ಒಂದು ಕ್ಷಣ ಓಗೊಡುವವನಿದ್ದ.

"ಯಾವ ಅಂಗಡಿಯಮ್ಮಾ?" ಎಂದು ಮಾತ್ರ ಕೇಳಿದ.

ರದ್ದಿ ಅಂಗಡಿಯ ಹೆಂಗಸು ಹಳೇ ಪೇಪರಿನ ಕಟ್ಟುಗಳ ನಡುವೆ ತಕ್ಕಡಿಗೆ ಒರಗಿ ಕೂತಿದ್ದಳು. "ಕಂದು ಲಕೋಟೆಯಾ? ಒಂದು ಚೀಲ ಬೆಳಿಗ್ಗೆ ಲಾರೀಲಿ ಹೋಯ್ತು. ಇನ್ನರ್ಧ ಚೀಲ ಮೂಲೇಲಿದೆ. ಒಳಗೇನಾದ್ರೂ ದುಡ್ಡು ಬಿಟ್ರಾ?"

"ಬರೀ ಲಕೋಟೆ."

"ರದ್ದಿ ಮಾರೋಕೆ ಬರೋರನ್ನ ನೋಡಿದೀನಿ, ಕೊಳ್ಳೋಕೆ ಬಂದೋರನ್ನ ಇವತ್ತೇ ನೋಡಿದ್ದು" ಎಂದು ತೂಗಿಕೊಟ್ಟಳು.

ಬೈಂಡರ್ ಕೋಣೆಗೆ ಬಂದು ಚೀಲವನ್ನು ಪುಸ್ತಕ ಹೊಲಿಯುವ ಮೇಜಿನ ಮೇಲೆ ಸುರಿದ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಒಂದೊಂದಾಗಿ ಓದತೊಡಗಿದ. "ಗಿರಾಕಿ: ಯಾರೋ ಹಡಗಿನವನು. ದೋಷ: ನಡುವೆ ತೂತು. ಕೊಡುವ ದಿನ: ಅವನು ಬಂದಾಗ." ಇನ್ನೊಂದು: "ದೋಷ: ರದ್ದಿ ಇದನ್ನು ನಕಲಿ ಅಂದ. ನಕಲಿಯೇ. ಅವನಿಗೆ ಹೇಳಕೂಡದು." ಮತ್ತೊಂದು: "ರದ್ದಿ ಇಂದು ಬರಲಿಲ್ಲ. ಜ್ವರವಂತೆ. ಈ ನಾಣ್ಯ ತೋರಿಸೋಣ ಅಂದುಕೊಂಡಿದ್ದೆ."

ಅಂಗೈ ಅಡ್ಡ ಹಿಡಿದು ಬರೆಯುತ್ತಿದ್ದದ್ದು ಇದು. ಬೈಂಡರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತನಗೆ ಬೇಕಾದದ್ದು ಬೆಳಗಿನ ಲಾರಿಯಲ್ಲಿ ಹೋಗಿರಬಹುದು ಎಂದು ಕೈ ಆಗಾಗ ನಿಧಾನವಾಗುತ್ತಿತ್ತು. ತಳದಲ್ಲಿ ಏಳೆಂಟು ಉಳಿದಾಗ ಅದು ಸಿಕ್ಕಿತು.

"ಗಿರಾಕಿ: ರದ್ದಿ. ದೋಷ: ಸದ್ದಿಲ್ಲ, ಒಳಗೆ ಬಿರುಕು. ಕೊಡುವ ದಿನ: ಕೊಡುವುದಿಲ್ಲ."

ಅದನ್ನು ಬೇರೆಯಾಗಿ ಪಕ್ಕಕ್ಕಿಟ್ಟ. ಆಮೇಲೆ ಸೊಸೆ ಕೊಟ್ಟಿದ್ದ ಪೆಟ್ಟಿಗೆ ತೆರೆದ. ಸವೆದ ನಾಣ್ಯಗಳೇ ಐವತ್ತಕ್ಕೂ ಮೇಲಿದ್ದವು. ಸೊಸೆಯ ಪಾಲಿಶಿನ ದಯೆಯಿಂದ ಅವೆಲ್ಲ ಒಂದೇ ತಾಯಿಯ ಮಕ್ಕಳಂತಿದ್ದವು. ತಾನು ಕೊಟ್ಟದ್ದು ಯಾವುದೆಂದು ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಹಾಳೆ ಒತ್ತಲು ಇಟ್ಟುಕೊಂಡಿದ್ದ ಗಾಜನ್ನು ಎಳೆದು, ಒಂದೊಂದನ್ನೇ ಅದರ ಮೇಲೆ ಬೀಳಿಸತೊಡಗಿದ. ಟಣ್. ಟಣ್. ಟಣ್. ಕಪ್ಪು ಹೋಗಿದ್ದರೂ ಸದ್ದು ಹೋಗಿರಲಿಲ್ಲ. ಗೋಡೆಯಾಚೆಯ ದರ್ಜಿ ಹೊಲಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿ, ಮತ್ತೆ ತುಳಿಯತೊಡಗಿದ.

ಮೂವತ್ತನೆಯದೋ ಏನೋ, ಟಪ್ ಅಂದಿತು.

ಅದನ್ನು ಲಕೋಟೆಯೊಳಗಿಟ್ಟು ಬಾಯಿ ಮಡಿಸಿದ. "ನೋಡಿದ್ಯಾ? ಕಾಗದ ಇಲ್ದಿದ್ರೆ ನಿನ್ನ ನಾಣ್ಯಕ್ಕೆ ಬಾಯೇ ಇಲ್ಲ" ಎಂದ. ಇದಕ್ಕೆ ಚಿಲ್ಲರೆ ಏನನ್ನುತ್ತಿದ್ದ ಎಂಬುದೂ ಅವನಿಗೆ ಗೊತ್ತಿತ್ತು: "ಸದ್ದು ಇಲ್ದಿದ್ರೆ ನಿನಗೆ ಅದು ಸಿಗ್ತಿತ್ತೇನೋ?" ಅನ್ನಲು ಎದುರಿಗೆ ಯಾರೂ ಇಲ್ಲದ್ದರಿಂದ ಅದನ್ನೂ ತಾನೇ ಅಂದ. ಅಷ್ಟಕ್ಕೇ ಬಿಡಲಾರದೆ, ಚಿಲ್ಲರೆಯ ಗಂಟಲಿನಲ್ಲಿ, ಅವನ ಎಳೆತದಲ್ಲಿ, "ಲೋ ರದ್ದಿ" ಎಂದೂ ಕರೆದು ನೋಡಿದ.

ಅದೂ ಟಪ್ ಎಂದೇ ಬಿತ್ತು.