ಎನ್ನಲಾಗಿದೆ

ನಲವತ್ತು ವರ್ಷ ಒಂದೇ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ಕಳೆದ ತಿಂಗಳು ಅದೇ ಪತ್ರಿಕೆಯಲ್ಲಿ ನನ್ನ ತಮ್ಮನ ಸಾವಿನ ಸುದ್ದಿ ಬಂತು. ಅವನು ರೈಲ್ವೆ ಗೇಟು ಕಾಯುತ್ತಿದ್ದ. ಮಟಮಟ ಮಧ್ಯಾಹ್ನ ಲಾರಿಯೊಂದು ಗೇಟು ಮುರಿದು ನುಗ್ಗಿತು. ಅವನು ಅದರ ಅಡಿಗೆ ಸಿಕ್ಕಿದ. ಸುದ್ದಿಯ ಕೊನೆಯ ಸಾಲು ಹೀಗಿತ್ತು: ‘ಗೇಟು ಕಾಯುವವನು ನಿದೆಯಲ್ಲಿದ್ದ ಎನ್ನಲಾಗಿದೆ.’

ಅದನ್ನು ಓದಿ ನಾನು ಮೊದಲು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ‘ನಿದ್ದೆ’ಯ ಒತ್ತು ಬಿಟ್ಟುಹೋಗಿತ್ತು. ಜೇಬಿನಿಂದ ಪೆನ್ಸಿಲ್ ತೆಗೆದು ಒತ್ತು ಕೊಟ್ಟೆ.

ತಮ್ಮನ ಹೆಂಡತಿ ನೋಡುತ್ತಿದ್ದಳು.

“ತಿದ್ದಿ ಆಯ್ತಾ ಭಾವ?”

“ಅಭ್ಯಾಸ ಕಣಮ್ಮ.”

“ಹಾಗಂತ ಯಾರು ಅಂದಿದ್ದು?”

“ಯಾರೋ ಅಂದಿರ್ತಾರೆ.”

“ಯಾರೋ ಅಂದ್ರೆ? ಮುರಿದ ಗೇಟು ಹಾಕಿತ್ತು ತಾನೆ? ಇವರು ಎದ್ದು ಬಂದು ಗೇಟು ಹಾಕಿ, ಹೋಗಿ ಮತ್ತೆ ಮಲಗಿದ್ರಾ? ರೈಲು ದಾಟಲಿ ಅಂತ ಕಾದು ಕಾದು, ಒಂದು ದಿನ ಬಿಸಿ ಊಟ ಮಾಡಿದವರಲ್ಲ. ಈಗ ಬೀದಿಯವರೆಲ್ಲ ನನಗೇ ಸಮಾಧಾನ ಹೇಳ್ತಾರೆ, ‘ಪಾಪ, ಒಂದು ನಿಮಿಷ ಕಣ್ಣು ಹತ್ತಿದ್ದಕ್ಕೆ ಹೀಗಾಯ್ತು’ ಅಂತ. ಅದೊಂದು ಮಾತು ಅಳಿಸ್ಕೊಡಿ ಭಾವ. ಬೇರೇನೂ ಬೇಡ.”

ಸಂಜೆ ದೇವರ ಮುಂದೆ ಕುಳಿತೆ. ಕೈ ಮುಗಿದರೂ ನಾಲಿಗೆಗೆ ಬಂದದ್ದು ಒಂದೇ ಪದ: ‘ಎನ್ನಲಾಗಿದೆ’.

ಮರುದಿನ ಪತ್ರಿಕೆಯ ಕಚೇರಿಗೆ ಹೋದೆ. ಈಗಿನ ಸಂಪಾದಕ ನನ್ನ ಕೈಕೆಳಗೆ ಕಲಿತವನು. ಆಗ ಅಕ್ಷರಗಳಿಗೆ ಕೊಂಬು ಕೊಡಲು ಮರೆಯುತ್ತಿದ್ದ. ಹಾಗಾಗಿ ಅವನಿಗೆ ‘ಕೊಂಬು’ ಎಂದೇ ಹೆಸರು.

“ಬನ್ನಿ ಗುರುಗಳೇ” ಎಂದು ಎದ್ದು ನಿಂತ.

“ಏನಪ್ಪಾ ಕೊಂಬು, ಈಗ ತಲೆ ಮೇಲೇ ಮೂಡಿದೆಯೋ?”

ನಗಲು ಹೋದವನು ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟ. ಸುದ್ದಿಯ ತುಣುಕನ್ನು ಮೇಜಿನ ಮೇಲಿಟ್ಟೆ.

“ಯಾರು ಅಂದರು?”

ವರದಿಗಾರನಿಗೆ ಫೋನ್ ಮಾಡಿದ. ಬಹಳ ಹೊತ್ತು ಕೇಳಿಸಿಕೊಂಡು ಕೆಳಗಿಟ್ಟ.

“ಯಾರೂ ಅಂದಿಲ್ಲ ಗುರುಗಳೇ. ಮಧ್ಯಾಹ್ನದ ಹೊತ್ತು, ಊಟ ಆಗಿರುತ್ತೆ, ನಿದ್ದೆ ಬಂದಿರುತ್ತೆ ಅಂದ್ಕೊಂಡನಂತೆ.”

“ಅಂದ್ಕೊಂಡಿದ್ದನ್ನೆಲ್ಲ ಅಚ್ಚು ಹಾಕಿಬಿಡೋದಾ?”

“‘ಎನ್ನಲಾಗಿದೆ’ ಇತ್ತಲ್ಲ...” ಅವನ ದನಿ ಇಳಿಯಿತು. “ಅನುಮಾನ ಬಂದರೆ ಬಾಲಕ್ಕೆ ಒಂದು ‘ಎನ್ನಲಾಗಿದೆ’ ಸೇರಿಸು, ಆಮೇಲೆ ಯಾರೂ ನಿನ್ನ ತಂಟೆಗೆ ಬರಲ್ಲ. ನೀವೇ ಹೇಳ್ಕೊಟ್ಟಿದ್ದು.”

ಹೌದು, ನಾನೇ. ಆ ಪದವನ್ನು ಎಷ್ಟು ಮನೆಗಳಿಗೆ ಕಳುಹಿಸಿದೆನೋ ದೇವರೇ ಬಲ್ಲ. ಕಾಗುಣಿತ ನೋಡಿದೆ; ಯಾರು ಅಂದರು ಎಂದು ಒಮ್ಮೆಯೂ ಕೇಳಲಿಲ್ಲ.

ಅವನು ಬಿಳಿ ಹಾಳೆಯೊಂದನ್ನು ನನ್ನತ್ತ ಸರಿಸಿದ. “ತಿದ್ದುಪಡಿ ಹಾಕ್ತೀನಿ. ನೀವೇ ಬರೀರಿ.”

ಬರೆದೆ: ‘ಗೇಟು ಕಾಯುವವನು ನಿದ್ದೆಯಲ್ಲಿದ್ದನೆಂದು ಯಾರೂ ಹೇಳಿರಲಿಲ್ಲ. ನಾವೇ ಬರೆದೆವು. ಗೇಟು ಮುಚ್ಚಿತ್ತು.’

“‘ನಾವೇ’ ಬೇಕಾ ಗುರುಗಳೇ? ‘ತಪ್ಪಾಗಿ ಪ್ರಕಟವಾಗಿದೆ’ ಅಂದರೆ ಸಾಲದಾ?”

“ಸಾಲದು. ಅದರಲ್ಲಿ ನಾನೂ ಇದ್ದೀನಪ್ಪ.”

ಮರುದಿನ ಒಳಪುಟದ ಕೆಳಮೂಲೆಯಲ್ಲಿ ಬಂತು. ತಮ್ಮನ ಹೆಂಡತಿ ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ‘ಗೇಟು ಮುಚ್ಚಿತ್ತು’ ಎಂಬಲ್ಲಿ ಬೆರಳು ನಿಂತಿತು.

“ಈ ಸಲ ಒತ್ತು ಸರಿಯಾಗಿದೆ ಭಾವ” ಎಂದಳು.

ಆಮೇಲೆ ಪತ್ರಿಕೆಯನ್ನು ಮಡಚಿ ಹಿಡಿದು, ಚಪ್ಪಲಿ ಮೆಟ್ಟಿಕೊಂಡು, ಎದುರುಮನೆಯ ಬಾಗಿಲು ತಟ್ಟಲು ಹೋದಳು.