ಸ್ಟೇರಿಂಗ್ ಇಲ್ಲದ ಗಾಡಿ

ಮೂವತ್ತೊಂದು ವರ್ಷ ಕುಣಿಗಲ್–ತುಮಕೂರು ರೂಟಿನಲ್ಲಿ ಖಾಸಗಿ ಬಸ್ಸು ಓಡಿಸಿದ ಚನ್ನವೀರಯ್ಯನಿಗೆ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದೆಂದರೆ ಮೈಯೆಲ್ಲ ಮುಳ್ಳು. ಆಟೋ ಹತ್ತಿದರೂ ಡ್ರೈವರನ ಪಕ್ಕದಲ್ಲೇ ಜಾಗ ಮಾಡಿಕೊಂಡು, ತಿರುವು ಬಂದಾಗಲೆಲ್ಲ ಬಲಗಾಲನ್ನು ಸುಮ್ಮನೆ ನೆಲಕ್ಕೆ ಒತ್ತುತ್ತಿದ್ದ. ಅಂಥವನನ್ನು ಹೆಂಡತಿ ಬಸವಲಿಂಗಮ್ಮ ವಿಮಾನ ಹತ್ತಿಸಿದಳು.

ಅವನಿಗೆ ಅರವತ್ತು ತುಂಬಿದಾಗ ಮಗಳು ನಂದಿತಾ ಶಾಂತಿ ಮಾಡಿಸುವ ಮಾತೆತ್ತಿದ್ದಳು. ಬಸವಲಿಂಗಮ್ಮ ಒಪ್ಪಲಿಲ್ಲ. "ಹೋಮ ಗೀಮ ಏನೂ ಬ್ಯಾಡ ಕಣೇ. ನಮ್ಮಿಬ್ರನ್ನೂ ಸಿಂಗಾಪುರಕ್ಕೆ ಕಳ್ಸು" ಅಂದುಬಿಟ್ಟಳು. ಅವಳ ತವರೂರು ಹೆಬ್ಬೂರಿನ ಗೆಳತಿ ಪ್ರೇಮಲತಾ ಹಿಂದಿನ ವರ್ಷ ಹೋಗಿಬಂದು ಫೋನಿನಲ್ಲಿ ಫೋಟೊಗಳನ್ನು ತೋರಿಸಿದ್ದಳು. ಬಾಯಿಂದ ನೀರು ಚಿಮ್ಮಿಸುವ, ಮೀನಿನ ಬಾಲದ ಸಿಂಹ. ಮೈತುಂಬ ಬಳ್ಳಿ ಹಬ್ಬಿದ ಕಬ್ಬಿಣದ ಮರಗಳು. ಸಮುದ್ರದ ಮೇಲೆ ತಂತಿಗೆ ನೇತುಬಿದ್ದು ಹೋಗುವ ಗಾಜಿನ ಡಬ್ಬಿ. "ಇದ್ರಲ್ಲಿ ಒಂದ್ಸಲ ಕೂರ್ಬೇಕು ನಾನು" ಎಂದು ಬಸವಲಿಂಗಮ್ಮ ಡಬ್ಬಿಯ ಮೇಲೆ ಬೆರಳಿಟ್ಟಿದ್ದಳು.

ತುಮಕೂರಿನಿಂದ ಹೊರಟ ಹದಿನೆಂಟು ಜನರ ತಂಡವದು. ಕರೆದುಕೊಂಡು ಬಂದವಳು ಹೇಮಶ್ರೀ ಎಂಬ ಚುರುಕು ಹುಡುಗಿ. ಮೊದಲೆರಡು ದಿನ ಸಿಂಹವನ್ನೂ ಕಬ್ಬಿಣದ ಮರಗಳನ್ನೂ ಹೂವಿನ ತೋಟವನ್ನೂ ಎಲ್ಲರೂ ನೋಡಿದರು. ಚನ್ನವೀರಯ್ಯ ಹೆಚ್ಚಾಗಿ ನೋಡಿದ್ದು ಬಸ್ಸನ್ನೇ. ಅದರ ಚೀನೀ ಡ್ರೈವರನಿಗೂ ಇವನಿಗೂ ಒಂದೇ ಒಂದು ಭಾಷೆ ಕೂಡುತ್ತಿರಲಿಲ್ಲ. ಆದರೂ ಹಾರನ್ನೇ ಹೊಡೆಯದೆ ಊರಿಡೀ ಸುತ್ತಿಸಿದ ಆ ಮುದುಕನ ಮೇಲೆ ಇವನಿಗೆ ಬಹಳ ಗೌರವ ಹುಟ್ಟಿತ್ತು.

ಮೂರನೆಯ ದಿನ ಬೆಳಿಗ್ಗೆ ಗುಡ್ಡದ ಮೇಲಿನ ಕೇಬಲ್ ಕಾರ್ ನಿಲ್ದಾಣಕ್ಕೆ ಬಂದರು. ಅಲ್ಲಿಂದ ನೀರಿನಾಚೆಯ ಸೆಂಟೋಸಾ ದ್ವೀಪಕ್ಕೆ ತಂತಿಯ ಮೇಲೆ ಹೋಗಬೇಕು. ಡಬ್ಬಿಗಳು ಒಂದರ ಹಿಂದೊಂದು ಆಕಾಶಕ್ಕೆ ಜಾರಿಹೋಗುವುದನ್ನು ಕಂಡು ಚನ್ನವೀರಯ್ಯ ಹೇಮಶ್ರೀಯ ಹತ್ತಿರ ಸರಿದ.

"ಇದ್ನ ಓಡ್ಸೋನು ಎಲ್ಲಿ ಕೂತವ್ನೆ?" ಎಂದು ಕೇಳಿದ.

"ಓಡ್ಸೋರು ಯಾರೂ ಇರಲ್ಲ ಅಂಕಲ್" ಎಂದು ಹೇಮಶ್ರೀ ನಕ್ಕಳು. "ಭಯ ಆದ್ರೆ ಬಸ್ಸಲ್ಲೇ ಬನ್ನಿ, ಸೇತುವೆ ಇದೆ. ಆಚೆ ಕಡೆ ಸಿಗೋಣ."

ಮುಂದೆ ಕ್ಯೂನಲ್ಲಿದ್ದ ಬಸವಲಿಂಗಮ್ಮನಿಗೆ ಈ ಮಾತು ಕೇಳಿಸಲಿಲ್ಲ. ಅವನು ಹತ್ತಿರ ಹೋಗಿ, "ನನ್ ಕೈಲಾಗಲ್ಲ, ನೀನ್ ಹೋಗ್ಬಾ" ಎಂದಷ್ಟೇ ಹೇಳಿ ಬಸ್ಸಿನತ್ತ ನಡೆದ.

ದ್ವೀಪದ ನಿಲ್ದಾಣದ ಬಾಗಿಲಲ್ಲಿ ಕಾಯುತ್ತ ನಿಂತ. ತಂಡದವರು ನಾಲ್ಕೈದು ಜನರಂತೆ ಇಳಿದು ಬಂದರು. ಕೊನೆಗೆ ಬಂದ ರೇಣುಕಾಪ್ರಸಾದ್, ಗುಬ್ಬಿಯ ನಿವೃತ್ತ ಮೇಷ್ಟ್ರು, ಇವನನ್ನು ನೋಡಿ ಬೆರಗಾದರು.

"ನೀವ್ ಇಲ್ಲಿದೀರಾ? ನಿಮ್ ಮನೆಯವ್ರು ಹತ್ಲೇ ಇಲ್ವಲ್ಲ! ಬಾಗಿಲವರ್ಗೂ ಬಂದು, 'ಅವ್ರು ಒಬ್ರೇ ಕೂತಿರ್ತಾರೆ, ನೀವ್ ಹೋಗಿ' ಅಂತ ವಾಪಸ್ ಹೋದ್ರು."

ಬಸವಲಿಂಗಮ್ಮನ ಫೋನಿಗೆ ಇಲ್ಲಿಯ ಸಿಮ್ ಇರಲಿಲ್ಲ. ಬಸ್ಸು ಆಗಲೇ ಹೊರಟುಹೋಗಿತ್ತು. ಹೇಮಶ್ರೀ ಗಾಬರಿಯಾಗಿ, "ನಾನೇ ಹೋಗಿ ಕರ್ಕೊಂಡ್ ಬರ್ತೀನಿ ಅಂಕಲ್" ಎಂದಳು.

"ಬ್ಯಾಡ ಕಣಮ್ಮ. ನಾನ್ ಹೋಗ್ತೀನಿ."

ಆ ಮಾತು ತನ್ನದೇ ಬಾಯಿಂದ ಬಂತೆಂದು ನಂಬುವಷ್ಟರಲ್ಲಿ ಅವನು ಡಬ್ಬಿಯೊಳಗಿದ್ದ. ಬಾಗಿಲು ತಾನೇ ಮುಚ್ಚಿಕೊಂಡಿತು. ಕೆಳಗಿನ ನೆಲ ಜಾರಿಹೋಗಿ ನೀರು ಬಂತು. ಇಲ್ಲದ ಬ್ರೇಕನ್ನು ಬಲಗಾಲು ಒತ್ತೇ ಒತ್ತಿತು. ಕಣ್ಣು ಮುಚ್ಚಿದ; ಮುಚ್ಚಿದ ಕಣ್ಣಿಗೆ ಮದುವೆಯಾದ ಹೊಸತರ ಒಂದು ದಿನ ಕಂಡಿತು. ಬಸವಲಿಂಗಮ್ಮ ತವರಿನಿಂದ ಹೋಳಿಗೆ ಡಬ್ಬ ಹಿಡಿದು ಹೆಬ್ಬೂರಿನಲ್ಲಿ ಅವನ ಬಸ್ಸೇ ಹತ್ತಿದ್ದಳು. ಕಂಡಕ್ಟರು, ಕ್ಲೀನರು ಮುಸಿಮುಸಿ ನಕ್ಕಿದ್ದರು. ನಾಚಿಕೆಯಿಂದ ಇವನು ತಿರುಗಿ ಸಹ ನೋಡಿರಲಿಲ್ಲ. ಅವಳು ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಕುಣಿಗಲ್‌ನಲ್ಲಿ ಇಳಿದುಹೋಗಿದ್ದಳು. ಆಮೇಲೆ ಎಂದೂ ಅವನ ಬಸ್ಸು ಹತ್ತಲಿಲ್ಲ. ಯಾಕೆಂದು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಗುಡ್ಡದ ಮೇಲೆ ಬೆಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು. ಕಂಡೊಡನೆ ಎದ್ದಳು.

"ಎಲ್ಲೋಗಿದ್ರಿ? ಎರಡ್ ಸುತ್ತು ಹುಡುಕ್ದೆ!"

"ನೀನ್ಯಾಕ್ ಹತ್ಲಿಲ್ಲ? ಅದಕ್ಕೇ ಅಲ್ವಾ ಇಷ್ಟ್ ದೂರ ಬಂದಿದ್ದು?"

"ಭಾಷೆ ಬರ್ದಿರೋ ಊರಲ್ಲಿ ನಿಮ್ಮೊಬ್ರನ್ನ ಬಿಟ್ಟು ಅದೇನ್ ನೋಡ್ಲಿ?" ಎಂದವಳು ತಟ್ಟನೆ ನಿಲ್ಲಿಸಿದಳು. "ಅಲ್ಲಾ, ನೀವ್ ಯಾವುದ್ರಲ್ಲಿ ಬಂದ್ರಿ?"

ಅವನು ತಂತಿಯತ್ತ ಕೈತೋರಿಸಿದ. ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಳು.

ಜಾರಿಹೋಗುವ ಡಬ್ಬಿಗಳನ್ನು ನೋಡುತ್ತ ಅವನೆಂದ, "ಅವತ್ತು ಹೆಬ್ಬೂರಲ್ಲಿ ನನ್ ಬಸ್ ಹತ್ತಿದ್ಯಲ್ಲ, ಮಾತಾಡಿಸ್ಬೇಕಾಗಿತ್ತು ಕಣೇ. ತೆಪ್ಪಾಯ್ತು."

"ಮಾತಾಡಿಸ್ಲಿಲ್ಲ, ನಿಜ. ಕನ್ನಡೀಲಿ ನೋಡ್ತಿದ್ರಲ್ಲ, ದಾರಿ ಉದ್ದಕ್ಕೂ."

ಚನ್ನವೀರಯ್ಯ ಬೆಚ್ಚಿದ. "ನಿಂಗೊತ್ತಿತ್ತಾ?"

"ಗೊತ್ತಾಗ್ದೆ ಏನು? ಕೆರೆ ಏರಿ ತಿರುವಲ್ಲಿ ಎದುರಿಗೆ ಲಾರಿ ಬಂದ್ರೂ ಕಣ್ಣು ಕನ್ನಡೀಲೇ ಇತ್ತು. ಅವತ್ತೇ ಅನ್ಕೊಂಡೆ, ಇವ್ರ ಬಸ್ ನಾನ್ ಹತ್ತಬಾರ್ದು, ಐವತ್ ಜನ ಇರ್ತಾರೆ ಅಂತ."

ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಅವಳು ತನ್ನ ಬಸ್ಸು ಹತ್ತದಿದ್ದುದನ್ನು ಇಷ್ಟು ವರ್ಷ ಸಿಟ್ಟೆಂದೇ ತಿಳಿದಿದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಎದ್ದೇಳು. ಈ ಗಾಡೀನ ಯಾರೂ ಓಡ್ಸೋದು ಬೇಡ್ವಂತೆ" ಎಂದ.

ಇಬ್ಬರೂ ಒಂದೇ ಡಬ್ಬಿಯಲ್ಲಿ ಹೋದರು. ಅವಳು ಮಗುವಿನಂತೆ ಗಾಜಿಗೆ ಹಣೆಯೊತ್ತಿ ಕೆಳಗಿನ ಹಡಗುಗಳನ್ನು ತೋರಿಸುತ್ತಲೇ ಇದ್ದಳು. ಅವನು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ.

ಅಷ್ಟರಲ್ಲಿ ತಂಡ ಮೀನಿನ ಮನೆಗೆ ಹೋಗಿಯಾಗಿತ್ತು. ಕಾಯುತ್ತಿದ್ದ ಹೇಮಶ್ರೀ, "ಬೇಗ ಬೇಗ ನಡೀರಿ, ಇನ್ನೂ ನೋಡ್ಬೋದು" ಎಂದಳು.

"ಮೀನು ಇರ್ಲಿ ಬುಡವ್ವ. ಸಮುದ್ರಕ್ಕೆ ದಾರಿ ತೋರ್ಸು" ಎಂದಳು ಬಸವಲಿಂಗಮ್ಮ.

ಮರಳಿನ ಮೇಲೆ ಅವಳು ಚಪ್ಪಲಿ ಬಿಟ್ಟು, ಸೀರೆ ತುಸು ಎತ್ತಿ ನೀರಿಗಿಳಿದಳು. ಚನ್ನವೀರಯ್ಯ ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದಡದಲ್ಲಿ ನಿಂತ.

"ಬನ್ರೀ, ಬೆಚ್ಚಗಿದೆ!" ಎಂದು ಅವಳು ಕೂಗಿದಳು.

ಅವನು ಪ್ಯಾಂಟು ಮಡಚತೊಡಗಿದ.